ಹಣೆಯ ಕುಂಕುಮ ಮಾತ್ರ ಒರೆಸಲಿಲ್ಲ

ನಮ್ಮ ಬೀದಿಯ ಅರಳಿಕಟ್ಟೆಯ ಹಿಂದೆ, ಗಾಜು ಒಡೆದ ದೇವರ ಫೋಟೋಗಳ ನಡುವೆ ಅವಳು ಬೋರಲು ಬಿದ್ದಿದ್ದಳು. ಗಣೇಶನ ಹಬ್ಬ ಮುಗಿದು ವಾರ ಆಗಿತ್ತು. ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕುತ್ತಿದ್ದೆ. ಎರಡನೇ ಸುತ್ತಿನಲ್ಲಿ ಮರದ ಬೆನ್ನೊಂದು ಕಣ್ಣಿಗೆ ಬಿತ್ತು. ಮೂರನೇ ಸುತ್ತಿಗೆ ಕಾಲು ಮುಂದೆ ಹೋಗಲಿಲ್ಲ. ಎತ್ತಿ ತಿರುಗಿಸಿದರೆ, ದಸರಾ ಗೊಂಬೆ ಹಬ್ಬದಲ್ಲಿ ಕೂರಿಸುವ ಪಟ್ಟದ ಗೊಂಬೆಯ ರಾಣಿ!

ಗೇಣುದ್ದ ಇದ್ದಳು. ಕೈಗೆ ಭಾರ. ರಕ್ತಚಂದನವೇ ಹಾಗೆ, ನೀರಿಗೆ ಹಾಕಿದರೆ ಮುಳುಗುವಂಥ ಮರ. ಮೂಗಿನ ತುದಿ ಸವೆದಿತ್ತು. ಎಡಗೈ ಬೆರಳು ಮುಕ್ಕಾಗಿತ್ತು. ಬುಡದಿಂದ ಸೊಂಟದವರೆಗೆ ಒಂದು ಬಿರುಕು. ರಾಜನಿಗಾಗಿ ಇಡೀ ರಾಶಿ ಹುಡುಕಿದೆ. ಅವನು ಅಲ್ಲಿರಲಿಲ್ಲ.

ಅಲ್ಲಿ ಇಟ್ಟು ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಮುಕ್ಕಾದ ದೇವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಹಿರಿಯರು ಹೇಳಿದ್ದಾರೆ. ಕಸದ ಗಾಡಿಗೆ ಹಾಕಲು ಮನಸ್ಸು ಬರುವುದಿಲ್ಲ. ಕೊನೆಗೆ ಮರದ ಬುಡಕ್ಕೆ ತಂದು, ಕೈಮುಗಿದು, ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ಆದರೆ ಪಟ್ಟದ ಗೊಂಬೆ ಅಂದರೆ ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಜೋಡಿ. ಯಾವುದೋ ಮನೆಯ ಹೊಸ ಸೊಸೆಯ ಜೊತೆ ಹೊಸಿಲು ದಾಟಿ ಬಂದವಳು ಇವಳು. ಮಳೆಯಲ್ಲಿ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಬೇಡ ಕಣಮ್ಮ, ಭಿನ್ನ ಆಗಿದೆ, ಮನೆಗೆ ತಗೊಂಡು ಹೋಗಬೇಡ" ಅಂದರು. ನನಗೂ ಅಳುಕಾಯಿತು. ಗುಡಿಯ ಅರ್ಚಕರನ್ನು ಕೇಳಿದೆ. ಅವರು ಗೊಂಬೆಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದರು. "ಗೊಂಬೆಗೇನು ಪ್ರಾಣಪ್ರತಿಷ್ಠೆ ಮಾಡಿರ್ತೀರಾ? ಆವಾಹನೆ ಆಗೋದು ಕಲಶಕ್ಕೆ. ಇವರೆಲ್ಲ ದೇವಿಯ ದರ್ಬಾರಿಗೆ ಬಂದ ಜನ. ಏಟು ಬಿದ್ದವರು ದರ್ಬಾರಿಗೆ ಬರಬಾರದು ಅಂತ ಇದೆಯೇ? ಸರಿ ಮಾಡಿ ಕೂರಿಸಿಯಮ್ಮ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹಳೇ ಗೊಂಬೆ ಸರಿ ಮಾಡುವ ಹುಚ್ಚು ನನಗೆ ಹಿಂದಿನಿಂದಲೂ ಇದೆ. ಶುರುವಾಗಿದ್ದು ಅತ್ತೆಯವರ ಟ್ರಂಕಿನಿಂದ. ಆಮೇಲೆ ಮನೆ ಖಾಲಿ ಮಾಡುವವರು, ಹಳೇ ಸಾಮಾನಿನ ಅಂಗಡಿಯವರು, ನೆಂಟರ ಅಟ್ಟ, ಹೀಗೆ ಒಂದೊಂದೇ ಬಂದು ಸೇರಿದವು. ಕೆಲಸಕ್ಕೆ ಕೂರುವುದು ಮಾತ್ರ ವರ್ಷಕ್ಕೊಮ್ಮೆ, ಪಿತೃಪಕ್ಷದ ಹದಿನೈದು ದಿನ. ಆ ದಿನಗಳಲ್ಲಿ ಹೊಸ ಕೆಲಸ ಶುರು ಮಾಡುವುದಿಲ್ಲ ಅಲ್ವಾ? ಹಳೆಯದನ್ನು ಸರಿ ಮಾಡಬಹುದು. ಗೊಂಬೆಗಳನ್ನು ಕೂಡಿಟ್ಟವರು, ಸೀರೆ ಉಡಿಸಿದವರು, ಬಟ್ಟೆ ಸುತ್ತಿ ಎತ್ತಿಟ್ಟವರು ಎಲ್ಲ ಹೋಗಿಬಿಟ್ಟಿದ್ದಾರೆ. ಅವರನ್ನು ನೆನೆಯುವ ಪಕ್ಷದಲ್ಲೇ ಅವರ ಗೊಂಬೆ ಕೈಗೆ ಬರಬೇಕು ಅಂತ ನನಗೆ ಅನಿಸುತ್ತದೆ. ಮಹಾಲಯ ಅಮಾವಾಸ್ಯೆ ಕಳೆದರೆ ಮಾರನೇ ದಿನ ಪಾಡ್ಯ, ಗೊಂಬೆ ಕೂರಿಸುವ ದಿನ. ಅಷ್ಟರಲ್ಲಿ ಎಲ್ಲರೂ ಎದ್ದು ಕೂರುವಂತಾಗಬೇಕು.

ರಾಣಿಯನ್ನು ಮೊದಲು ಮೂರು ದಿನ ನೆರಳಲ್ಲಿ ಒಣಗಲು ಬಿಟ್ಟೆ. ಬಿಸಿಲಿಗೆ ಇಟ್ಟರೆ ಬಿರುಕು ಇನ್ನೂ ಬಾಯಿ ಬಿಡುತ್ತದೆ. ಆಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಧೂಳು ತೆಗೆದೆ. ಸ್ಪಿರಿಟ್ ಮುಟ್ಟಿಸಲೇಬಾರದು. ರಕ್ತಚಂದನದ ಕೆಂಪು ಸ್ಪಿರಿಟ್‌ನಲ್ಲಿ ಕರಗುತ್ತದೆ. ಹತ್ತಿ ಕೆಂಪಾದರೆ ಕೊಳೆ ಬರುತ್ತಿದೆ ಅಂದುಕೊಳ್ಳುತ್ತೇವೆ, ಬರುತ್ತಿರುವುದು ಮರದ ಬಣ್ಣವೇ. ಚನ್ನಪಟ್ಟಣದ ಗೊಂಬೆಗೂ ಇದೇ ಮಾತು. ಆಲೆಮರಕ್ಕೆ ಹಚ್ಚಿದ ಅರಗು ಸ್ಪಿರಿಟ್ ತಾಗಿದರೆ ಅಂಟಂಟಾಗಿ ಹೊಳಪು ಹೋಗಿಬಿಡುತ್ತದೆ.

ಹಳೇ ಚಿತ್ರ, ವಿಗ್ರಹ ಶುಚಿ ಮಾಡುವ ತಜ್ಞರು ಎಂಜಲು ಬಳಸುತ್ತಾರೆ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಉರುಳಿಸಿ ಒರೆಸುತ್ತಾರೆ. ಜೊಲ್ಲಿನಲ್ಲಿರುವ ಕಿಣ್ವಕ್ಕೆ ಜಿಡ್ಡು ಕೊಳೆ ಬಿಡುತ್ತದೆ, ಬಣ್ಣಕ್ಕೆ ಪೆಟ್ಟಾಗುವುದಿಲ್ಲ. ಅದು ಒಳ್ಳೆಯ ಪದ್ಧತಿಯೇ. ಆದರೆ ದೇವಿಯ ಮುಂದೆ ಕೂರುವವಳಿಗೆ ಎಂಜಲು ತಾಗಿಸಲು ನನ್ನ ಕೈ ಏಳಲಿಲ್ಲ. ಕಾಯಿಸಿ ಆರಿಸಿದ ನೀರಿಗೆ ಹತ್ತಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದು ಕಾಳಿನಷ್ಟು ಜಾಗ ಒರೆಸಿದೆ. ಒಂದು ಕೆನ್ನೆಗೆ ಒಂದು ಸಂಜೆ ಬೇಕಾಯಿತು. ಹೊಗೆಯ ಕಪ್ಪು ಹೋಗಿ ಒಳಗಿನಿಂದ ಕಂದುಗೆಂಪು ಬಣ್ಣ ಬಂತು. ಕಣ್ಣಿನ ಸುತ್ತ ಬರೆದ ಕಪ್ಪು ಗೆರೆ ಇನ್ನೂ ಇತ್ತು.

ಹಣೆಗೆ ಬಂದಾಗ ಕೈ ನಿಂತಿತು. ಹುಬ್ಬುಗಳ ನಡುವೆ ಒಂದು ಸಣ್ಣ ಗುಬುಟು. ಮೊದಲು ಮಣ್ಣು ಅಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಕುಂಕುಮ. ಮೇಲೆ ಕಪ್ಪಾಗಿದೆ, ಅಂಚಿನಲ್ಲಿ ಪದರ ಪದರವಾಗಿ ಕಾಣುತ್ತದೆ. ಒಂದು ಕಡೆ ಅರಿಸಿನದ ಹಳದಿ, ಅದರ ಮೇಲೆ ಮತ್ತೆ ಕೆಂಪು. ಪ್ರತಿ ನವರಾತ್ರಿಯೂ ಯಾರೋ ಒಬ್ಬರು ಎಣ್ಣೆಗೆ ಕುಂಕುಮ ಕಲಸಿ ಉಂಗುರ ಬೆರಳಿನಲ್ಲಿ ಇಟ್ಟಿದ್ದಾರೆ. ಒಂದರ ಮೇಲೊಂದು. ಎಷ್ಟು ವರ್ಷವೋ, ಎಷ್ಟು ಜನರ ಬೆರಳೋ. ಮೂಗಿನ ತುದಿ ಸವೆದದ್ದು ಹೇಗೆ ಅಂತಲೂ ಆಗ ಹೊಳೆಯಿತು. ಕುಂಕುಮ ಇಟ್ಟ ಬೆರಳು ಕೆಳಗಿಳಿಯುವಾಗ ಅಲ್ಲೇ ತಾಗುತ್ತದೆ. ನಾನೇ ಒಮ್ಮೆ ಇಟ್ಟು ನೋಡಿದೆ, ಹೌದು, ತಾಗಿತು.

ಅದನ್ನು ಒರೆಸಲಿಲ್ಲ. ಮೂಗನ್ನೂ ತುಂಬಲಿಲ್ಲ. ಗೊಂಬೆ ಸರಿ ಮಾಡುವವರಲ್ಲಿ ತುಂಬಾ ಜನ ಪೂರ್ತಿ ಹೊಸದಾಗಿ ಕಾಣಲಿ ಅಂತ ಮೇಲಿಂದ ಕೆಳಗೆ ಬಣ್ಣ ಬಳಿಯುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಬೀಳದಂತೆ, ಒಡೆಯದಂತೆ ಮಾಡಿದರೆ ಸಾಕು.

ಬಿರುಕಿಗೆ ಮಾತ್ರ ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರು ಬಳಸುವ ಸಾಮಗ್ರಿಯನ್ನೇ ನಂಬಿದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಜಿ ಹದಕ್ಕೆ ಕಾಯಿಸಿ, ಜರಡಿ ಹಿಡಿದ ಮರದ ಹೊಟ್ಟು ಕಲಸಿ ತುಂಬಿದೆ. ಇವತ್ತಿನ ಅಂಟುಗಳು ಇದಕ್ಕಿಂತ ಗಟ್ಟಿ, ನಿಜ. ಆದರೆ ಹುಣಸೆ ಅಂಟು ಮುಂದೆ ಬೇಕಾದರೆ ನೀರಿನಲ್ಲಿ ಮೆತ್ತಗಾಗಿ ಬಿಟ್ಟುಕೊಡುತ್ತದೆ. ನನಗಿಂತ ಚೆನ್ನಾಗಿ ಮಾಡುವವರು ನಾಳೆ ಬರಬಹುದು. ಅವರಿಗೆ ದಾರಿ ಬಿಟ್ಟಿರಬೇಕು.

ಹೀಗೆ ಎಚ್ಚರ ಬರಲು ಕಾರಣ ಒಂದಿದೆ. ಮೊದಲ ವರ್ಷ ಅತ್ತೆಯವರ ಟ್ರಂಕಿನಲ್ಲಿದ್ದ ಶೆಟ್ಟಿ ಅಂಗಡಿಯ ಗೊಂಬೆ ಸೆಟ್ಟಿನಲ್ಲಿ ಶೆಟ್ಟರ ಹೆಂಡತಿಯನ್ನು ಬಚ್ಚಲಲ್ಲಿ ನೀರು ಹಾಕಿ ತೊಳೆದೆ. ಸುಟ್ಟ ಮಣ್ಣು ಅಂದುಕೊಂಡಿದ್ದೆ. ಅದು ಬರೀ ಒಣಗಿಸಿ ಬಣ್ಣ ಹಚ್ಚಿದ ಹಸಿ ಮಣ್ಣು. ಕೈಯಲ್ಲೇ ಕರಗಿತು. ಒಂದು ನಿಮಿಷ ಹಿಡಿಯಲಿಲ್ಲ. ಆ ಮಣ್ಣನ್ನು ಚರಂಡಿಗೆ ಬಿಡದೆ ತುಳಸಿ ಕಟ್ಟೆಗೆ ಹಾಕಿದೆ. ಅವತ್ತು ಊಟ ಸೇರಲಿಲ್ಲ. ಶೆಟ್ಟರು ಇವತ್ತಿಗೂ ಒಬ್ಬರೇ ಅಂಗಡಿ ನೋಡಿಕೊಳ್ಳುತ್ತಿದ್ದಾರೆ. ಪಕ್ಕಕ್ಕೆ ಹೊಸ ಗೊಂಬೆ ತರಬಹುದಿತ್ತು. ತಂದಿಲ್ಲ.

ಅದೇ ಟ್ರಂಕಿನಲ್ಲಿ ಇನ್ನೊಂದು ಇದೆ, ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್‌ನಲ್ಲಿ ಮಾಡಿದ ಮಗು. ಬೆನ್ನಿನ ಮೇಲೆ ಜಪಾನ್ ಅಂತ ಅಚ್ಚು. ಎರಡನೇ ಮಹಾಯುದ್ಧಕ್ಕೆ ಮೊದಲು ಇಂಥವು ಜಪಾನಿನಿಂದ ರಾಶಿ ರಾಶಿ ಹೊರದೇಶಕ್ಕೆ ಹೋಗುತ್ತಿದ್ದವು. ತೂಕವೇ ಇಲ್ಲ, ಮೊಟ್ಟೆ ಚಿಪ್ಪು ಹಿಡಿದ ಹಾಗೆ. ಅದರ ಬೆನ್ನನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸಿ ನೋಡಿ. ಕರ್ಪೂರ! ಸೆಲ್ಯುಲಾಯ್ಡ್ ಮಾಡುವಾಗ ನೈಟ್ರೋಸೆಲ್ಯುಲೋಸ್ ಜೊತೆ ಕರ್ಪೂರ ಸೇರಿಸುತ್ತಾರೆ. ಮೊದಲ ಸಲ ಆ ವಾಸನೆ ಬಂದಾಗ ಮೈ ಜುಮ್ಮೆಂದಿತು. ದೂರದ ಯಾವುದೋ ಕಾರ್ಖಾನೆಯಲ್ಲಿ ಆಟಕ್ಕೆಂದು ಮಾಡಿದ ಮಗು, ಮೈಯಲ್ಲಿ ಮಂಗಳಾರತಿ ಇಟ್ಟುಕೊಂಡು ನಮ್ಮ ಮನೆಗೆ ಬಂದಿದೆ.

ಆದರೆ ಇದಕ್ಕೆ ದೀಪ ಸೋಕುವ ಹಾಗಿಲ್ಲ. ಕಿಡಿ ಬಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲೂ ಇಡಬಾರದು. ಹಳೆಯದಾದ ಹಾಗೆ ಅದರಿಂದ ಆಮ್ಲದ ಆವಿ ಬರುತ್ತದೆ, ಪಕ್ಕದ ಹಿತ್ತಾಳೆ ಸಾಮಾನು ಹಾಳಾಗುತ್ತದೆ. ಹಾಗಾಗಿ ಹಬ್ಬದಲ್ಲಿ ಅದರ ಜಾಗ ಕೆಳಗಿನ ಮೆಟ್ಟಿಲಿನ ತುತ್ತತುದಿ, ನಂದಾದೀಪದಿಂದ ದೂರ. ಆರತಿ ಅದರ ಹತ್ತಿರ ಹೋಗುವುದಿಲ್ಲ. ಎಲ್ಲರೂ ಆರತಿ ತೆಗೆದುಕೊಂಡ ಮೇಲೆ ನಾನು ಎರಡೂ ಅಂಗೈ ಬಿಸಿ ಮಾಡಿಕೊಂಡು, ಕಣ್ಣಿಗೆ ಒತ್ತಿಕೊಳ್ಳುವ ಮೊದಲು ಹೋಗಿ ಅದರ ತಲೆ ಸವರುತ್ತೇನೆ.

ಮೈಸೂರು ಒಡೆಯರ ದಸರಾ ಶುರುವಾಗಿದ್ದು 1610ರಲ್ಲಿ, ರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ. ನಮ್ಮ ಮೈಸೂರಿನ ಅರಮನೆಯಲ್ಲಿ ಗೊಂಬೆಗಳಿಗೆ ಅಂತಲೇ ಗೊಂಬೆ ತೊಟ್ಟಿ ಇದೆ. ಹೋದವರು ದರ್ಬಾರ್ ಹಾಲ್ ನೋಡುವ ಆತುರದಲ್ಲಿ ಅದನ್ನು ದಾಟಿಬಿಡುತ್ತಾರೆ. ದಯವಿಟ್ಟು ಅಲ್ಲಿ ಹತ್ತು ನಿಮಿಷ ನಿಲ್ಲಿ. ನೂರು ವರ್ಷಕ್ಕಿಂತ ಹಳೆಯ ಮುಖಗಳಿವೆ.

ಈ ಸಲ ಪಾಡ್ಯದ ದಿನ ಏಳು ಮೆಟ್ಟಿಲು ಕಟ್ಟಿದೆ. ಬಿಳಿ ಪಂಚೆ ಹಾಸಿ, ಮೇಲೆ ಕಲಶ ಇಟ್ಟು, ಪಕ್ಕದಲ್ಲಿ ನನ್ನ ತವರಿನ ಪಟ್ಟದ ಜೋಡಿ. ಅರಳಿಕಟ್ಟೆಯ ರಾಣಿಗೆ ಅಮ್ಮನ ಹಳೇ ಮದುವೆ ಸೀರೆಯ ಸೆರಗಿನಿಂದ ಒಂದು ತುಂಡು ಉಡಿಸಿದೆ. ಮುಕ್ಕಾದ ಬೆರಳು ಮುಚ್ಚುವಂತೆ ಸೆರಗು ಹೊದಿಸಿ, ಆಮೇಲೆ ಮನಸ್ಸು ಒಪ್ಪದೆ ತೆಗೆದೆ. ಎಣ್ಣೆಗೆ ಕುಂಕುಮ ಕಲಸಿ ಹಳೇ ಕುಂಕುಮದ ಮೇಲೆಯೇ ನನ್ನದೊಂದು ಇಟ್ಟೆ.

ಸಂಜೆ ಗೊಂಬೆ ಆರತಿಗೆ ಮಕ್ಕಳು ಬಂದರು. ಎದುರು ಮನೆಯ ಪುಟ್ಟಿ ಸುಂಡಲ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ಆಂಟಿ, ಈ ರಾಣಿಗೆ ರಾಜ ಎಲ್ಲಿ?"

"ಗೊತ್ತಿಲ್ಲ ಪುಟ್ಟಿ."

"ಅವಳಿಗೆ ಬೇಜಾರಾಗಲ್ವಾ?"

"ಅದಕ್ಕೇ ಇಷ್ಟು ಜನರ ಮಧ್ಯ ಕೂರಿಸಿದ್ದೀನಿ."

ಪುಟ್ಟಿ ತನ್ನ ಜಡೆಯಿಂದ ಒಂದು ಸೇವಂತಿಗೆ ಕಿತ್ತು ರಾಣಿಯ ಕಾಲ ಹತ್ತಿರ ಇಟ್ಟಳು. ಇಡುವಾಗ ಅವಳ ಬೆರಳೂ ರಾಣಿಯ ಮೂಗಿಗೆ ತಾಗಿತು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆ. ಮಾರನೇ ದಿನ ಒಂದೊಂದನ್ನೂ ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪು, ಬಜೆ ಬೇರು ಇಟ್ಟು ಟ್ರಂಕಿಗೆ ಸೇರಿಸಿದೆ. ಪ್ರತಿ ಗೊಂಬೆಗೂ ಒಂದು ಚೀಟಿ ಬರೆದಿಡುತ್ತೇನೆ. ಯಾರ ಮನೆಯದು, ಯಾವ ವರ್ಷ ಬಂತು, ಏನು ಸರಿ ಮಾಡಿದೆ ಅಂತ. ರಾಣಿಯ ಚೀಟಿಯಲ್ಲಿ "ಬಿರುಕಿಗೆ ಹುಣಸೆ ಅಂಟು, ಮರದ ಹೊಟ್ಟು. ಹಣೆಯ ಕುಂಕುಮ ತೆಗೆದಿಲ್ಲ, ತೆಗೆಯಬೇಡಿ" ಅಂತ ಬರೆದೆ. ಯಾರ ಮನೆಯದು ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ.