ಸೌನಾ ಕೆಲಸ: ಥರ್ಮಾಮೀಟರಿಗಿಂತ ಮೊದಲು ಕಲ್ಲು ನೋಡಿ

ಸೌನಾ ಎಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ, ಅದಕ್ಕೆ ನೀರು ಹಾಕಿ ಬೆವರುವ ಬಿಸಿ ಕೋಣೆ. ಅಲ್ಲಿಗೆ ಬಂದವರ ಕಣ್ಣು ಮೊದಲು ಹೋಗುವುದು ಗೋಡೆಯ ಥರ್ಮಾಮೀಟರಿನ ಕಡೆಗೆ. ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರು ನೋಡಬೇಕಾದ್ದು ಒಲೆಯ ಮೇಲಿನ ಕಲ್ಲನ್ನು. ಗಾಳಿ ಬೇಗ ಕಾಯುತ್ತದೆ, ಕಲ್ಲುರಾಶಿ ಒಳಗಿನವರೆಗೂ ಕಾಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮುಳ್ಳು 80 ಡಿಗ್ರಿ ತೋರಿಸಿತೆಂದು ಅವಸರಪಟ್ಟು ನೀರು ಹಾಕಿದರೆ ಅರ್ಧ ನೀರು ಹಬೆಯಾಗದೆ ಸಂದಿಯಲ್ಲಿಳಿದು ಒಲೆಯಡಿ ತೊಟ್ಟಿಕ್ಕುತ್ತದೆ. ಸರಿಯಾಗಿ ಕಾದ ಕಲ್ಲಿನ ಮೇಲೆ ನೀರು ಚುಂಯ್ ಎಂದು ಹಾರಿಹೋಗಿ, ಕಪ್ಪಾದ ಕಲ್ಲು ನೋಡನೋಡುತ್ತ ಬೂದುಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗಿಯೇ ಉಳಿಯಿತೆಂದರೆ ಬಾಗಿಲು ಮುಚ್ಚಿ ಇನ್ನಷ್ಟು ಹೊತ್ತು ಬಿಡಿ.

ಕಲ್ಲು ಎಂದರೆ ಸಿಕ್ಕಿದ ಕಲ್ಲಲ್ಲ. ಪೆರಿಡೋಟೈಟ್, ಆಲಿವಿನ್ ಡಯಾಬೇಸ್‌ನಂಥ ಭಾರವಾದ, ಗಟ್ಟಿ ಕಲ್ಲುಗಳನ್ನೇ ಬಳಸುತ್ತಾರೆ. ಹೊಳೆಯಿಂದ ಹೆಕ್ಕಿ ತಂದ ಕಲ್ಲಿನ ಬಿರುಕಿನೊಳಗೆ ತೇವ ಇದ್ದರೆ ಕಾದಾಗ ಸಿಡಿಯಬಹುದು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ನಡುವೆ ಗಾಳಿಯಾಡುವಂತೆ ಸಡಿಲವಾಗಿ ಜೋಡಿಸಬೇಕು. ವಿದ್ಯುತ್ ಒಲೆಯಲ್ಲಿ ಕಲ್ಲನ್ನು ಒತ್ತಿ ತುರುಕಿದರೆ ಕಾಯಿಲ್ ಬಾಗುತ್ತದೆ, ಗಾಳಿಯಿಲ್ಲದೆ ವಿಪರೀತ ಕಾದು ಸುಟ್ಟುಹೋಗುತ್ತದೆ. ಕಡಿಮೆ ಹಾಕಿ ಕಾಯಿಲ್ ಹೊರಗೆ ಕಾಣುವಂತೆ ಬಿಟ್ಟರೆ ಬೆಂಕಿಯ ಭಯ. ದಿನವೂ ಕಾದು ತಣಿಯುವ ಕಲ್ಲು ಒಳಗೊಳಗೇ ಪುಡಿಯಾಗುತ್ತ ಬಂದು ಕೆಳಗೆ ಕೂತುಕೊಳ್ಳುತ್ತದೆ. ಮನೆಯ ಸೌನಾದಲ್ಲಿ ವರ್ಷಕ್ಕೊಮ್ಮೆಯಾದರೂ, ದಿನವಿಡೀ ನಡೆಯುವ ಕಡೆ ಕೆಲವೇ ತಿಂಗಳಿಗೊಮ್ಮೆ, ಒಲೆ ಪೂರ್ತಿ ತಣ್ಣಗಾದ ಮೇಲೆ ಎಲ್ಲವನ್ನೂ ಇಳಿಸಿ, ಪುಡಿಯಾದದ್ದನ್ನು ತೆಗೆದು ಮತ್ತೆ ಜೋಡಿಸಬೇಕು. ಬೇಸರದ ಕೆಲಸ, ಆದರೆ ಒಳ್ಳೆಯ ಹಬೆಗೆ ಬೇರೆ ದಾರಿಯಿಲ್ಲ.

ಇನ್ನು ನೀರು. ಕುಡಿಯಲು ಯೋಗ್ಯವಾದ ನೀರೇ ಬೇಕು. ಉಪ್ಪುನೀರು, ಈಜುಕೊಳದ ಕ್ಲೋರಿನ್ ನೀರು ಒಲೆಯ ಕಬ್ಬಿಣವನ್ನು ತಿನ್ನುತ್ತವೆ. ಸುಗಂಧ ತೈಲ ಇಷ್ಟವಿದ್ದರೆ ನೀರಿಗೆ ಕೆಲವೇ ಹನಿ. ತೈಲವನ್ನೇ ಕಲ್ಲಿಗೆ ಸುರಿದರೆ ಹೊತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದು ಸೌಟು, 200 ಮಿಲಿಗಿಂತ ಹೆಚ್ಚಲ್ಲ. ಸೌಟಿನ ಉದ್ದ ಹಿಡಿಯನ್ನು ತುದಿಯಲ್ಲಿ ಹಿಡಿದು ಪಕ್ಕದಿಂದ ಹಾಕಿ. ಹಬೆ ನೇರ ಮೇಲಕ್ಕೆ ನುಗ್ಗುವುದರಿಂದ, ಕಲ್ಲಿನ ಮೇಲೆ ಚಾಚಿದ ಮಣಿಕಟ್ಟು ಕಣ್ಣುಮುಚ್ಚಿ ತೆರೆಯುವುದರೊಳಗೆ ಬೇಯುತ್ತದೆ. ಹಾಕುವ ಮೊದಲು ಜೊತೆಗಿದ್ದವರನ್ನು ಕೇಳುವುದನ್ನು ಮರೆಯಬೇಡಿ.

ಫಿನ್‌ಲ್ಯಾಂಡಿನವರು ಲೋಯ್ಲು ಎಂದು ಕರೆಯುವ ಈ ಹಬೆಯೇ ಸೌನಾದ ಜೀವ. ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನಲ್ಲಿರುವ ಶಾಖವನ್ನು ಮೈಗೆ ಬಿಟ್ಟುಕೊಡುತ್ತದೆ, ತೇವ ಏರಿದ್ದರಿಂದ ಬೆವರೂ ಆರುವುದಿಲ್ಲ. ಥರ್ಮಾಮೀಟರಿನ ಮುಳ್ಳು ಕದಲದೆಯೇ ಧಗೆ ಹೆಚ್ಚಾಗುವುದು ಹೀಗೆ. ಆದ್ದರಿಂದ ಒಂದು ಸೌಟು ಹಾಕಿ ಕಾಯಬೇಕು. ಹಬೆಯ ಅಲೆ ಚಾವಣಿಗೆ ಏರಿ ಹೆಗಲ ಮೇಲೆ ಇಳಿದು ತಣ್ಣಗಾದ ಮೇಲೆ ಇನ್ನೊಂದು. ಯಾರು ಹೆಚ್ಚು ಹೊತ್ತು ತಡೆಯುತ್ತಾರೆಂದು ಪಂದ್ಯ ಕಟ್ಟಿ ಕೂರುವವರಿಗೆ ಒಂದು ವಿಷಯ ತಿಳಿದಿರಲಿ: 2010ರಲ್ಲಿ ಫಿನ್‌ಲ್ಯಾಂಡಿನ ಹೈನೋಲಾದಲ್ಲಿ ನಡೆದ ಸೌನಾ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ 110 ಡಿಗ್ರಿಯ ಕೋಣೆಗೆ ಅರ್ಧ ನಿಮಿಷಕ್ಕೊಮ್ಮೆ ನೀರು ಬೀಳುತ್ತಿತ್ತು. ಒಬ್ಬ ಸ್ಪರ್ಧಿ ಪ್ರಾಣ ಬಿಟ್ಟರು, ಸ್ಪರ್ಧೆ ಅಲ್ಲಿಗೇ ನಿಂತುಹೋಯಿತು.

ಒಳಗೆ ಹೋಗುವ ಮುಂಚೆ ಸ್ನಾನ ಮಾಡಿ, ಮೈ ಒರೆಸಿ, ಉಂಗುರ, ಸರ ತೆಗೆದಿಡಿ. ಲೋಹ ಕಾದು ಚರ್ಮ ಸುಡುತ್ತದೆ. ಕೂರಲು ಟವೆಲ್ ಹಾಸಿ. ಮೊದಲ ಸಲದವರಿಗೆ ಕೆಳಗಿನ ಬೆಂಚು, ಐದರಿಂದ ಎಂಟು ನಿಮಿಷ ಸಾಕು. ರೂಢಿಯಾದವರೂ ಹತ್ತು-ಹದಿನೈದು ನಿಮಿಷಕ್ಕೆ ಹೊರಬಂದು, ಅಷ್ಟೇ ಹೊತ್ತು ತಣಿದು, ನೀರು ಕುಡಿದು ಮತ್ತೆ ಹೋಗಲಿ.

ಏಳುವಾಗ ಎಚ್ಚರ. ಕಾವಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ. ಮೇಲಿನ ಬೆಂಚಿನಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತದೆ, ಪಕ್ಕದಲ್ಲೇ ಕಾದ ಒಲೆ. ಮಲಗಿದ್ದವರು ಎದ್ದು ಕೂತು, ಕೆಳಗಿನ ಬೆಂಚಿನಲ್ಲಿ ಒಂದೆರಡು ನಿಮಿಷ ಕಳೆದು, ಆಮೇಲೆ ನಿಲ್ಲಬೇಕು. ಮದ್ಯ ಕುಡಿದವರನ್ನು ಒಳಗೆ ಬಿಡಬೇಡಿ, ಎಷ್ಟೇ ಒತ್ತಾಯ ಮಾಡಲಿ. ಜ್ವರ ಇದ್ದವರು, ಎದೆನೋವು ಹತೋಟಿಗೆ ಬಾರದವರು, ಇತ್ತೀಚೆಗೆ ಹೃದಯಾಘಾತವಾದವರು ಬರಬಾರದು. ರಕ್ತದೊತ್ತಡದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬರಲಿ. ತಲೆ ಸುತ್ತು, ವಾಕರಿಕೆ, ಎದೆ ಡವಡವ ಎಂದರೆ ತಕ್ಷಣ ಹೊರಗೆ.

ಬಾಗಿಲು ಹೊರಕ್ಕೆ ತಳ್ಳಿದರೆ ತೆರೆಯುವಂತಿರಬೇಕು, ಚಿಲಕ ಇರಲೇಬಾರದು. ಕಡೆಯವರು ಹೋದ ಮೇಲೆ ಬೆಂಚು ಉಜ್ಜಿ ತೊಳೆದು, ಬಾಗಿಲು ತೆರೆದಿಟ್ಟು ಕೋಣೆಯನ್ನು ಒಣಗಲು ಬಿಡಿ. ಮರುದಿನ ಸ್ವಿಚ್ ಹಾಕುವ ಮೊದಲು ಒಲೆಯ ಮೇಲೆ, ಸುತ್ತಮುತ್ತ ಕಣ್ಣಾಡಿಸಿ: ಯಾರೋ ಒಣಗಲೆಂದು ಹರವಿ ಮರೆತ ಒಂದು ಟವೆಲ್ ಸಾಕು ಬೆಂಕಿ ಹತ್ತಲು.