ಡಿಸ್ಕ್ ಬೆಂಡ್ ಆಗಿರಲಿಲ್ಲ

ಸ್ಪ್ರೇ ಕ್ಯಾನ್ ಹಿಡಿದವರೆಲ್ಲ ಪೇಂಟರ್ ಆಗಿರುವ ಕಾಲ ಇದು, ಹಾಗಾಗಿ ವರ್ಕ್‌ಶಾಪ್‌ನಲ್ಲಿ ಹಳೇ ಬಣ್ಣ ಕೀಳುವ ನಮ್ಮ ಸೆಕ್ಷನ್‌ಗೆ ಕೆಲಸಕ್ಕೆ ಬರವಿಲ್ಲ. ಈ ಸಲ ಬಂದ ಬೈಕಿನ ಎರಡೂ ಅಲ್ಯುಮಿನಿಯಂ ಅಲಾಯ್ ವೀಲ್‌ಗೆ ಫ್ಯಾಕ್ಟರಿ ಬಣ್ಣದ ಮೇಲೇ ಯಾರೋ ಕಪ್ಪು ಊದಿದ್ದರು, ಎಮರಿ ಕೂಡ ಉಜ್ಜಿರಲಿಲ್ಲ. ಸ್ಪೋಕ್ ಬುಡದಲ್ಲಿ ಬಣ್ಣ ಇಳಿದು ಗಟ್ಟಿಯಾದ ಗೆರೆಗಳು, ವಾಲ್ವ್ ಸುತ್ತ ಗುಳ್ಳೆ. ಚೈನ್ ಕಡೆ ಗ್ರೀಸ್ ಒರೆಸದೆ ಹೊಡೆದಿದ್ದರಿಂದ ಉಗುರು ತಾಗಿಸಿದರೆ ಸಾಕು, ಹಾಳೆಹಾಳೆಯಾಗಿ ಏಳುತ್ತಿತ್ತು. ಕಸ್ಟಮರ್ ಪಾಪ, ಸೆಕೆಂಡ್ ಹ್ಯಾಂಡ್ ತಗೊಂಡವರು. "ಕಂಪನಿಯಿಂದ ಬಂದ ಹಾಗೆ ಸ್ಯಾಟಿನ್ ಬ್ಲ್ಯಾಕ್ ಮಾಡಿಕೊಡಿ ಸಾರ್, ಅಷ್ಟು ಸಾಕು" ಅಂದರು.

ಥಿನ್ನರ್ ಬಟ್ಟೆಯಲ್ಲಿ ಒರೆಸಿ ನೋಡಿದೆ. ಮೇಲಿನ ಕಪ್ಪು ಸಲೀಸಾಗಿ ಬಟ್ಟೆಗೆ ಬಂತು. ಕೆಳಗಿನದು ಓವನ್‌ನಲ್ಲಿ ಬೆಂದ ಕೋಟಿಂಗ್, ಅದು ಥಿನ್ನರ್‌ಗೆಲ್ಲ ಜಗ್ಗುವುದಲ್ಲ. ಅದು ಚೆನ್ನಾಗಿದ್ದಿದ್ದರೆ ಮೇಲಿನದನ್ನಷ್ಟೇ ತೊಳೆದು ಬಿಡಬಹುದಿತ್ತು. ಆದರೆ ರಿಮ್ ಅಂಚಿನಲ್ಲಿ ಅದರ ಕೆಳಗೂ ಬಿಳಿ ಪುಡಿ, ಅಂದರೆ ಅಲ್ಯುಮಿನಿಯಂನ ತುಕ್ಕು, ಎದ್ದಿತ್ತು. ಅಂದಮೇಲೆ ಲೋಹದವರೆಗೂ ಇಳಿಯಲೇಬೇಕು.

"ಅಣ್ಣ, ಫ್ರೇಮ್ ಅದ್ದೋ ಟ್ಯಾಂಕಿಗೆ ಇಳಿಸಿಬಿಡ್ಲಾ?" ಅಂದ ಹುಡುಗ. ಅದರಲ್ಲಿರುವುದು ಕಾಸ್ಟಿಕ್ ಸೋಡ. ಕಬ್ಬಿಣಕ್ಕೆ ಅದು ಏನೂ ಮಾಡಲ್ಲ, ಅಲ್ಯುಮಿನಿಯಂ ಬಿದ್ದರೆ ಮಾತ್ರ ಬುರುಬುರು ನೊರೆ ಎದ್ದು ಹೈಡ್ರೋಜನ್ ಬಿಡುತ್ತಾ ಕರಗಲು ಶುರು. ಬಣ್ಣದ ಜೊತೆ ವೀಲೂ ಹೋಗುತ್ತೆ ಕಣೋ ಅಂತ ಬೈದು ಸ್ಟ್ರಿಪ್ಪರ್, ಅಂದರೆ ಬಣ್ಣ ಎಬ್ಬಿಸುವ ಜೆಲ್, ಡಬ್ಬ ತರಿಸಿದೆ.

ಮೊದಲಿದ್ದ ಡೈಕ್ಲೋರೋಮೀಥೇನ್ ಸ್ಟ್ರಿಪ್ಪರ್ ಹಚ್ಚಿ ತಿರುಗುವಷ್ಟರಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತಿತ್ತು. ಆದರೆ ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತೆ, ಮೈಯೊಳಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಅಮೆರಿಕದಲ್ಲಿ 2019ರಿಂದ ಆ ಸ್ಟ್ರಿಪ್ಪರನ್ನು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಈಗ ನಾವು ಬಳಸುವ ಬೆಂಜೈಲ್ ಆಲ್ಕೋಹಾಲ್ ಜೆಲ್ ಅಷ್ಟು ಅಪಾಯದ್ದಲ್ಲ, ಬದಲಿಗೆ ಗಂಟೆಗಟ್ಟಲೆ ಕಾಯಿಸುತ್ತೆ. ಒಣಗದ ಹಾಗೆ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟು ಕಾಯಬೇಕು. ನಡುನಡುವೆ ಮ್ಯಾನೇಜರ್ ಬಂದು "ಇನ್ನೂ ಆಗಿಲ್ವಾ?" ಅಂತ ಕೇಳುವುದನ್ನೂ ಸಹಿಸಬೇಕು.

ಎಡವಟ್ಟಾಗಿದ್ದು ಜೆಲ್ ಹಚ್ಚುವುದಕ್ಕೂ ಮೊದಲೇ. ಸ್ಟ್ರಿಪ್ಪರ್ ಹಚ್ಚುವ ಮುಂಚೆ ಬೇರಿಂಗ್ ಹೊರಗೆ ತೆಗೀಬೇಕು ಅಂದೆ. ಬಡಿದು ತೆಗೆದ ಬೇರಿಂಗ್ ವಾಪಸ್ ಹಾಕುವ ಹಾಗಿಲ್ಲ, ಹೊಸದೇ ಬೇಕು. "ಎಸ್ಟಿಮೇಟ್‌ನಲ್ಲಿ ಇಲ್ಲ, ಟೇಪ್ ಹಾಕಿ ಮುಗಿಸಿ" ಅಂತ ಮೇಲಿಂದ ಅಪ್ಪಣೆ ಬಂತು. ಸರಿ, ಜೆಲ್ ಸೀಲ್ ಒಳಗೆ ಇಳಿಯದಿರಲಿ ಅಂತ ವೀಲ್ ನಡುವಿನ ಹಬ್‌ನ ಮುಖಕ್ಕೆ ಪೂರ್ತಿ ಫಾಯಿಲ್ ಟೇಪ್ ಬಡಿದೆ. ಬೇರಿಂಗ್ ಜೊತೆಗೆ ಅದರ ಸುತ್ತ ಬ್ರೇಕ್ ಡಿಸ್ಕ್ ಕೂರುವ ಜಾಗವೂ ಮುಚ್ಚಿಹೋಯಿತು. ಮುಚ್ಚುವಾಗ ಅಲ್ಲಿ ಕಪ್ಪಗಿತ್ತು. ಕಂಡಿತ್ತು ನನಗೆ. ಕಂಪನಿ ಬಣ್ಣವೇ ಇರಬೇಕು ಅಂದುಕೊಂಡು ಮುಂದೆ ಹೋದೆ. ಡಿಸ್ಕ್ ಸೀಟ್ ಮೆಷಿನಿಂಗ್ ಮಾಡಿದ ಬರೀ ಲೋಹ, ಅಲ್ಲಿ ಬಣ್ಣ ಇರಬಾರದು ಅನ್ನುವುದು ಹುಡುಗನಿಗೆ ನಾನೇ ಹೇಳಿಕೊಟ್ಟ ಪಾಠ.

ಬಣ್ಣ ಎದ್ದಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್, ಸಂದಿಗಳಿಗೆ ನೈಲಾನ್ ಬ್ರಷ್. ಸ್ಟೀಲ್ ಬ್ರಷ್ ಮುಟ್ಟಬಾರದು. ಅದರ ಚೂರು ಅಲ್ಯುಮಿನಿಯಂನಲ್ಲಿ ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಆಗುತ್ತೆ. ಒಂದೆರಡು ದಪ್ಪ ಗೆರೆಗೆ ಹುಡುಗ ಸ್ವಲ್ಪ ಹೀಟ್ ಗನ್ ತೋರಿಸಿದ. ನೀರು, ಡಿಗ್ರೀಸರ್, ಆಮೇಲೆ ಲೋಹಕ್ಕೆ ಬಣ್ಣ ಕಚ್ಚಲು ಎಚ್ (etch) ಪ್ರೈಮರ್. ಪೇಂಟ್ ಬೂತ್‌ನವರು ನನ್ನ ಟೇಪ್ ಮೇಲೇ ಮಾಸ್ಕಿಂಗ್ ಮಾಡಿ ಹೊಡೆದು ಕಳಿಸಿದರು. ಫಿಟ್ಟರ್ ಟೇಪ್ ಕಿತ್ತ, ಡಿಸ್ಕ್ ಕೂರಿಸಿದ, ಬೋಲ್ಟ್‌ಗಳನ್ನು ಅಳತೆಯ ಬಿಗಿತಕ್ಕೆ (ಟಾರ್ಕ್) ಬಿಗಿದ. ಹೊಸ ಬಣ್ಣವೂ ಕಪ್ಪು, ಹಳೆಯದೂ ಕಪ್ಪು. ಯಾರ ಕಣ್ಣಿಗೆ ಬೀಳಬೇಕು?

ಕಸ್ಟಮರ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಕಾಯುತ್ತಿದ್ದಾಗಲೇ ಟ್ರಯಲ್‌ಗೆ ಹೋದವನು ವಾಪಸ್ ಬಂದ. "ಮುಂದಿನ ಬ್ರೇಕ್ ಲಿವರ್ ಕೈಗೆ ಒದೀತಿದೆ" ಅಂದ, ಅದೂ ಅವರ ಎದುರಿಗೇ. ಡಿಸ್ಕ್ ಎಷ್ಟು ಓಲಾಡುತ್ತೆ ಅಂತ ಅಳೆಯಲು ಡಯಲ್ ಗೇಜ್ ಕಟ್ಟಿ ವೀಲ್ ತಿರುಗಿಸಿದೆ. ಮುಳ್ಳು ನಿಧಾನಕ್ಕೆ ಆ ಕಡೆ ಹೋಯಿತು, ನಿಧಾನಕ್ಕೆ ಈ ಕಡೆ ಬಂತು. 0.4 ದಾಟಿತ್ತು. ಸಾಮಾನ್ಯವಾಗಿ ಮ್ಯಾನ್ಯುಯಲ್‌ಗಳಲ್ಲಿ ಡಿಸ್ಕ್ ರನ್‌ಔಟ್, ಅಂದರೆ ಈ ಓಲಾಟ, 0.3 ಮಿ.ಮೀ.ವರೆಗೆ, ಅಷ್ಟೇ.

ಮ್ಯಾನೇಜರ್ ಶುರು ಮಾಡಿದರು: "ಹೀಟ್ ಗನ್ ಹಿಡಿದಿದ್ದು ಯಾರು? ವೀಲೇ ಸೊಟ್ಟ ಮಾಡಿದ್ದೀರಾ?" ಹುಡುಗನ ಮುಖ ಇಷ್ಟಾಯಿತು. ಅವನನ್ನು ಉಳಿಸುವ ಅವಸರದಲ್ಲಿ ನಾನು ಜೋರಾಗಿ "ಡಿಸ್ಕ್ ಮೊದಲೇ ಬೆಂಡ್ ಆಗಿತ್ತು ಸಾರ್, ಹೊಸದು ಹಾಕಬೇಕು" ಅಂದುಬಿಟ್ಟೆ. "ಗಾಡಿ ತಂದು ಬಿಟ್ಟಾಗ ಲಿವರ್ ಇಷ್ಟು ಒದೀತಿರಲಿಲ್ಲವಲ್ಲ" ಅಂದರು ಕಸ್ಟಮರ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಮ್ಯಾನೇಜರ್ ಆಗಲೇ ಪಾರ್ಟ್ಸ್ ಕೌಂಟರ್‌ಗೆ ಫೋನ್ ಹಚ್ಚಿದ್ದರು.

ಡಿಸ್ಕ್ ಬಿಚ್ಚಿ ಸಮತಟ್ಟಾದ ಸರ್ಫೇಸ್ ಪ್ಲೇಟ್ ಮೇಲಿಟ್ಟು ಸುತ್ತ ಫೀಲರ್ ಗೇಜ್‌ನ ತೆಳು ಪಟ್ಟಿ ತೂರಿಸಿ ನೋಡಿದೆ. ಎಲ್ಲೂ ಹೋಗಲಿಲ್ಲ. ಡಿಸ್ಕ್ ಚಪ್ಪಟೆಯಾಗೇ ಇತ್ತು. ಆಮೇಲೆ ಹಬ್ ಕಡೆ ಬಗ್ಗಿ ಟಾರ್ಚ್ ಹಾಕಿದೆ. ಎರಡು ಬೋಲ್ಟ್ ತೂತಿನ ನಡುವೆ ಹಳೆಯ ಬಣ್ಣ ಇಳಿದು ಗಟ್ಟಿಯಾದ ದಿಂಡು, ಅದರ ನೆತ್ತಿ ಮಾತ್ರ ಡಿಸ್ಕ್ ಒತ್ತಿ ಹೊಳೆಯುತ್ತಿತ್ತು. ಸ್ಪ್ರೇ ಹೊಡೆದ ಆ ಮಹಾನುಭಾವನಿಗೆ ಡಿಸ್ಕ್ ಬಿಚ್ಚುವಷ್ಟು ಬುದ್ಧಿ ಇತ್ತು, ಅದು ಕೂರುವ ಜಾಗಕ್ಕೆ ಟೇಪ್ ಹಾಕುವಷ್ಟು ಇರಲಿಲ್ಲ. ನಾನು ಅದರ ಮೇಲೆ ಟೇಪ್ ಹಾಕಿ ಸ್ಟ್ರಿಪ್ಪರ್ ತಾಗದ ಹಾಗೆ ಕಾಪಾಡಿದ್ದೆ. ಮೊದಲು ಡಿಸ್ಕನ್ನು ಬೇರೆ ತೂತಿಗೆ ಹೊಂದಿಸಿ ಕೂರಿಸಿದ್ದರೋ ಏನೋ, ಅದಕ್ಕೇ ಅಷ್ಟು ಗೊತ್ತಾಗಿರಲಿಲ್ಲ.

ಲೆಕ್ಕ ಸರಳ. ಬೋಲ್ಟ್ ವೃತ್ತದ ಎರಡು ಪಟ್ಟು ಅಗಲ ಡಿಸ್ಕ್‌ನದು, ಅಂದರೆ ಸೀಟ್‌ನಲ್ಲಿ ಒಂದು ಕಡೆ 0.2 ಎತ್ತರವಾದರೆ ಅಂಚಿನಲ್ಲಿ 0.4. ಸಾಲದ್ದಕ್ಕೆ ಬಣ್ಣ ಬೋಲ್ಟ್ ಒತ್ತಡಕ್ಕೆ ಬರಬರುತ್ತಾ ಕುಸಿಯುತ್ತೆ, ಟಾರ್ಕ್ ಸಡಿಲ ಆಗುತ್ತೆ. ಲಿವರ್ ಒದೆಯದೆ ಹೋಗಿದ್ದರೆ ಗಾಡಿ ಹಾಗೇ ಡೆಲಿವರಿ ಆಗುತ್ತಿತ್ತು.

ಹುಡುಗ ಗ್ರೈಂಡರ್‌ಗೆ ಫ್ಲಾಪ್ ವೀಲ್ ಹಾಕಿಕೊಂಡು ಓಡಿಬಂದ. ತಡೆದೆ. ಆ ಮುಖವನ್ನು ತಿಂದುಬಿಟ್ಟರೆ ವೀಲ್ ಗುಜರಿಗೇ. ಬಡ್ಸ್‌ನಲ್ಲಿ ಜೆಲ್ ಹಚ್ಚಿ, ಮರದ ಚಕ್ಕೆಯಲ್ಲಿ ಎಬ್ಬಿಸಿ, ಚಪ್ಪಟೆ ಕಟ್ಟಿಗೆಗೆ ಸ್ಕಾಚ್ ಬ್ರೈಟ್ ಸುತ್ತಿ ಕೈಯಲ್ಲೇ ಉಜ್ಜಿದ್ದು. ಅದೇ ಡಿಸ್ಕ್ ವಾಪಸ್ ಕಟ್ಟಿ ತಿರುಗಿಸಿದಾಗ ಮುಳ್ಳು 0.1ರ ಒಳಗೇ ನಿಂತಿತು. "ಹೊಸ ಡಿಸ್ಕ್ ಬೇಡ, ನಾನು ಹೇಳಿದ್ದು ತಪ್ಪು" ಅಂತ ಕಸ್ಟಮರ್‌ಗೆ ಹೇಳಿದೆ. ಅವರು ನಕ್ಕರು, ಮ್ಯಾನೇಜರ್ ನಗಲಿಲ್ಲ.

ಈಗ ಟೇಪ್ ಹಾಕುವ ಮೊದಲು ಡಿಸ್ಕ್ ಸೀಟ್, ಸ್ಪೇಸರ್ ತಾಗುವ ಮುಖ, ಟಯರ್‌ನ ಒಳ ಅಂಚು (ಬೀಡ್) ಕೂರುವ ಜಾಗ ಮೂರನ್ನೂ ಥಿನ್ನರ್ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಬೀಡ್ ಜಾಗದಲ್ಲಿ ದಪ್ಪ ಬಣ್ಣ ಇದ್ದರೆ ಟ್ಯೂಬ್‌ಲೆಸ್‌ನಲ್ಲಿ ದಿನಾ ಗಾಳಿ ಇಳಿಯುತ್ತೆ, ಪಂಕ್ಚರ್ ಹುಡುಕಿ ಸಾಯಬೇಕು. ಬೇರಿಂಗ್ ಮಾತ್ರ ಈಗಲೂ ಎಸ್ಟಿಮೇಟ್‌ಗೆ ಸೇರಿಲ್ಲ.

ಆವತ್ತು ಹೊರಡುವ ಮೊದಲು ಹಿಂದಿನ ವೀಲೂ ಬಿಚ್ಚೋಣ ಅಂದೆ, ಅಲ್ಲೂ ಅದೇ ಟೇಪ್ ಹಾಕಿದ್ದೆನಲ್ಲ. "ಲಿವರ್ ಒದೀತಿಲ್ಲವಲ್ಲ, ಬಿಡಿ" ಅಂದರು ಮ್ಯಾನೇಜರ್. ಬಿಡಲಿಲ್ಲ. ಅಲ್ಲೂ ಇತ್ತು, ತೆಳ್ಳಗೆ. ಓವರ್‌ಟೈಮ್ ಬರೆದುಕೊಟ್ಟಿದ್ದೇನೆ, ಸಹಿ ಇನ್ನೂ ಬಿದ್ದಿಲ್ಲ.