ಆಪರೇಷನ್ ಹೆರಿಗೆ ಮತ್ತು ತಂಗಿಯ ಪ್ರಶ್ನೆ

ತಂಗಿಯ ಮಗನಿಗೆ ಆರನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹವಿದೆಯೆಂದು ಗೊತ್ತಾದ ದಿನ, ಮಡಿಕೇರಿಯಿಂದ ಸೋಮವಾರಪೇಟೆಗೆ ಮರಳುವ ದಾರಿಯುದ್ದಕ್ಕೂ ಅವಳು ಕೇಳುತ್ತಿದ್ದುದು ಒಂದೇ ಮಾತು: "ಅಕ್ಕಾ, ಆಪರೇಷನ್ ಮಾಡಿ ತೆಗೆದದ್ದಕ್ಕೇ ಹೀಗಾಯಿತೇ?" ಮನೆಯ ಹಿರಿಯರೊಬ್ಬರು ಹಾಗೆಂದು ಆಗಲೇ ಹೇಳಿಬಿಟ್ಟಿದ್ದರು. ಹೊಟ್ಟೆಯಲ್ಲಿ ಮಗು ಅಡ್ಡವಾಗಿ ಮಲಗಿದ್ದುದರಿಂದ ಸಿಸೇರಿಯನ್ ಮಾಡಲೇಬೇಕಾಗಿತ್ತು ಎಂಬುದು ಯಾರಿಗೂ ನೆನಪಾಗಲಿಲ್ಲ. ಅವಳಿಗೆ ಸರಿಯಾದ ಉತ್ತರ ಕೊಡಬೇಕೆಂದು ನಾನು ಈ ವಿಷಯವನ್ನು ಓದತೊಡಗಿದೆ.

ಸಂದೇಹ ಬುಡವಿಲ್ಲದ್ದಲ್ಲ. ಸಹಜ ಹೆರಿಗೆಯಲ್ಲಿ ಮಗು ತಾಯಿಯ ದೇಹದ ಬ್ಯಾಕ್ಟೀರಿಯಾಗಳನ್ನು ಹೊತ್ತೇ ಹೊರಬರುತ್ತದೆ. ಸಿಸೇರಿಯನ್ ಮಗುವಿನ ಮೈಮೇಲೆ ಚರ್ಮದ ಬ್ಯಾಕ್ಟೀರಿಯಾಗಳೇ ಹೆಚ್ಚು ಎಂದು 2010ರ ಅಧ್ಯಯನವೊಂದು ತೋರಿಸಿತು. ಬ್ರಿಟನ್ನಿನ ಸುಮಾರು 600 ಶಿಶುಗಳ ಮಲವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಸಿಸೇರಿಯನ್ ಮಕ್ಕಳ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಗುಂಪು ಬಹಳ ಕಡಿಮೆಯಿತ್ತು, ಆದರೆ ವರ್ಷ ತುಂಬುವ ಹೊತ್ತಿಗೆ ವ್ಯತ್ಯಾಸದ ಬಹುಭಾಗ ಅಳಿಸಿಹೋಗಿತ್ತು. ರೋಗನಿರೋಧಕ ವ್ಯವಸ್ಥೆ ತನ್ನವರು ಯಾರು, ಹೊರಗಿನವರು ಯಾರು ಎಂಬುದನ್ನು ಕಲಿಯುವುದರಲ್ಲಿ ಈ ಜೀವಿಗಳಿಗೂ ಪಾತ್ರವಿರುವುದರಿಂದ, ಆ ಕಲಿಕೆ ಆರಂಭದಲ್ಲೇ ಏರುಪೇರಾದರೆ ಮುಂದೆ ಆ ವ್ಯವಸ್ಥೆ ತನ್ನ ದೇಹವನ್ನೇ ಎದುರಿಸಬಹುದೆಂಬುದು ವಿಜ್ಞಾನಿಗಳ ಊಹೆ. ಟೈಪ್ 1 ಮಧುಮೇಹವೂ ಅಂಥದ್ದೇ, ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವ ಕಾಯಿಲೆ.

ಇನ್ನು ಅಂಕಿಗಳು. ಇಪ್ಪತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆ, ಸಿಸೇರಿಯನ್ ಮಕ್ಕಳಲ್ಲಿ ಟೈಪ್ 1 ಮಧುಮೇಹದ ಸಾಧ್ಯತೆ ಸುಮಾರು ಶೇ. 20ರಷ್ಟು ಹೆಚ್ಚೆಂದಿತು. ಇದನ್ನು ಕೇಳಿದವರು ನೂರಕ್ಕೆ ಇಪ್ಪತ್ತು ಮಕ್ಕಳಿಗೆ ಕಾಯಿಲೆ ಬರುತ್ತದೆಂದು ಗಾಬರಿಯಾಗುತ್ತಾರೆ. ಸಾವಿರದಲ್ಲಿ ಐವರಿಗೆ ಬರುವುದಿದ್ದರೆ ಆರು ಮಂದಿಗೆ ಬರುತ್ತದೆ ಎಂಬುದಷ್ಟೇ ಅದರ ಅರ್ಥ. 2015ರ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲಿ ಅಸ್ತಮಾ, ಮಕ್ಕಳ ಸಂಧಿವಾತ ಮತ್ತು ಕರುಳಿನ ಉರಿಯೂತದ ಕಾಯಿಲೆಗಳು ಸಿಸೇರಿಯನ್ ಮಕ್ಕಳಲ್ಲಿ ತುಸು ಹೆಚ್ಚು ಕಂಡವು, ಟೈಪ್ 1 ಮಧುಮೇಹ ಮಾತ್ರ ಹೆಚ್ಚು ಕಾಣಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಸ್ವೀಡನ್ನಿನಲ್ಲಿ 1982ರಿಂದ 2009ರವರೆಗೆ ಹುಟ್ಟಿದ ಸುಮಾರು 26 ಲಕ್ಷ ಮಕ್ಕಳ ಅಧ್ಯಯನ. ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡಿದಾಗ ಮೊದಲೇ ನಿಗದಿಪಡಿಸಿದ ಸಿಸೇರಿಯನ್‌ಗೂ ಮಧುಮೇಹಕ್ಕೂ ಸಣ್ಣ ನಂಟು ಕಂಡಿತು. ಒಡಹುಟ್ಟಿದವರನ್ನೇ ಪರಸ್ಪರ ಹೋಲಿಸಿದಾಗ ಆ ನಂಟು ಉಳಿಯಲಿಲ್ಲ. ಒಂದೇ ತಾಯಿ, ಒಂದೇ ಮನೆಯ ಊಟ, ಒಂದೇ ವಂಶದ ಹಿನ್ನೆಲೆ ಇರುವಲ್ಲಿ ನಂಟು ಕರಗುತ್ತದೆಂದರೆ, ಅದರ ಮೂಲ ಶಸ್ತ್ರಚಿಕಿತ್ಸೆಗಿಂತ ಕುಟುಂಬದ ಹಿನ್ನೆಲೆಯಲ್ಲಿರುವ ಸಾಧ್ಯತೆಯೇ ಹೆಚ್ಚು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ಅನಗತ್ಯವಾದವು ಕಡಿಮೆಯಾಗಲೇಬೇಕು ಎಂದು ನಾನೂ ನಂಬುತ್ತೇನೆ, ಆದರೆ ಆ ವಾದದ ಭಾರವನ್ನು ಮಗುವಿನ ಜೀವ ಉಳಿಸಿಕೊಂಡ ತಾಯಿಯ ಮೇಲೆ ಹೊರಿಸುವುದು ಅನ್ಯಾಯ.

ತಂಗಿ ಈಗ ಮತ್ತೆ ಏಳು ತಿಂಗಳ ಗರ್ಭಿಣಿ. ಈ ಬಾರಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳಿದ್ದಾಳೆ. ಹಳೆಯ ಹೊಲಿಗೆಯ ಸ್ಥಿತಿಯನ್ನೂ ಮಗು ತಿರುಗಿರುವ ರೀತಿಯನ್ನೂ ನೋಡಿ ತೀರ್ಮಾನಿಸೋಣ ಎಂದಿದ್ದಾರೆ. ದೊಡ್ಡ ಮಗನ ಮಧುಮೇಹದ ಮಾತನ್ನು ಅವಳು ಅಲ್ಲಿ ಎತ್ತಲಿಲ್ಲ.